ಹೊಸ ಮನೆ ಕಟ್ಟಿಸುತ್ತಿರುವ ಗೃಹಸ್ಥರಿಗೆ, ಹಿತ್ತಲಿನ ಪರವಾಗಿ ಒಂದು ಬಿನ್ನಹ

ಬೆಂಗಳೂರು

ಮಾನ್ಯರೆ,

ಈ ನಗರದ ಹೊಸ ಬಡಾವಣೆಗಳಲ್ಲಿ ಮೂವತ್ತು–ನಲವತ್ತರ ನಿವೇಶನವೊಂದನ್ನು ಬಹುಕಾಲದ ಉಳಿತಾಯದಿಂದ ಕೊಂಡು, ಬ್ಯಾಂಕಿನ ಸಾಲವನ್ನು ತಲೆಯ ಮೇಲೆ ಹೊತ್ತು, ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು, ದೇವರ ಮನೆ ಯಾವ ಮೂಲೆಗೆ ಬರಬೇಕು, ಅಡುಗೆಯ ಮನೆ ಯಾವ ದಿಕ್ಕಿಗಿರಬೇಕು ಎಂದು ಮನೆಮಂದಿಯೊಡನೆ ಆಲೋಚಿಸುತ್ತ ಕುಳಿತಿರುವ ತಮ್ಮಂಥ ಗೃಹಸ್ಥರನ್ನೂ ಗೃಹಿಣಿಯರನ್ನೂ ಉದ್ದೇಶಿಸಿ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ. ಮನೆ ಕಟ್ಟಿಸುವವರ ಪಾಡು ಎಂಥದೆಂಬುದನ್ನು ನಾನು ಬಲ್ಲೆ. ಆ ದಾರಿಯಲ್ಲಿ ನಡೆದು ಬಂದವರಲ್ಲಿ ನಾನೂ ಒಬ್ಬ. ತಮಗೆ ಸಲಹೆ ಕೊಡುವವರು ಈಗಾಗಲೇ ಬೇಕಾದಷ್ಟು ಮಂದಿ ಇರುವರೆಂಬುದೂ ನನಗೆ ತಿಳಿಯದ ಸಂಗತಿಯಲ್ಲ. ಆದರೂ ನಕ್ಷೆಯಲ್ಲಿ ಯಾರೂ ಹೆಸರು ಬರೆಯದೆ ಬಿಟ್ಟಿರುವ ಒಂದು ಜಾಗದ ವಿಷಯವಾಗಿ, ಅದರ ಮೇಲೆ ಕಾಂಕ್ರೀಟು ಬೀಳುವುದಕ್ಕೆ ಮುಂಚೆ, ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕಾದದ್ದು ಸ್ವಲ್ಪವುಂಟು. ಆ ಜಾಗ ಹಿತ್ತಲು.

ಕಟ್ಟಡದ ನಿಯಮಗಳು ಮನೆಯ ಸುತ್ತ ಇಂತಿಷ್ಟು ಸ್ಥಳವನ್ನು ತೆರವಾಗಿ ಬಿಡತಕ್ಕದ್ದೆಂದು ವಿಧಿಸಿವೆ. ಗಾಳಿ ಬೆಳಕುಗಳಿಗಾಗಿ ಏರ್ಪಟ್ಟ ಆ ಸ್ಥಳವನ್ನು ಬಹುಮಂದಿ ಮನಸ್ಸಿಲ್ಲದ ಮನಸ್ಸಿನಿಂದ ಬಿಡುತ್ತಾರೆ. ಬಿಟ್ಟ ಮೇಲೆ, ಗೃಹಪ್ರವೇಶಕ್ಕೆ ಬರುವ ನೆಂಟರ ಕಾಲಿಗೆ ಮಣ್ಣು ಮೆತ್ತಬಾರದೆಂದು, ಗೋಡೆಯ ಬುಡದಿಂದ ಕಾಂಪೌಂಡಿನವರೆಗೆ ಒಂದು ಗೇಣು ನೆಲವನ್ನೂ ಉಳಿಸದೆ ಕಾಂಕ್ರೀಟು ಸುರಿಸಿ, ಅದರ ಮೇಲೆ ಟೈಲ್ಸು ಹಾಸಿಸುತ್ತಾರೆ. ಆಮೇಲೆ ಆ ನೆಲಕ್ಕೆ ಯಾರು ಬರುವರು? ನಮ್ಮ ಬೀದಿಯ ಹತ್ತಾರು ಮನೆಗಳ ಹಿಂಭಾಗವನ್ನು ನಮ್ಮ ಮಾಳಿಗೆಯ ಮೇಲಿನಿಂದ ನೋಡಿ ಹೇಳುತ್ತೇನೆ: ಒಡೆದ ಬಕೆಟ್ಟು, ಮಿಕ್ಕ ಟೈಲ್ಸಿನ ಪೆಟ್ಟಿಗೆಗಳು, ಮಕ್ಕಳು ದೊಡ್ಡವರಾದ ಮೇಲೆ ಯಾರೂ ತುಳಿಯದ ಸೈಕಲ್ಲು, ತುಕ್ಕು ಹಿಡಿದ ಕೂಲರು. ಬಿಸಿಲೂ ಮಳೆಯೂ ಬೇಡವಾದ ಈ ಪದಾರ್ಥಗಳಿಗೆ ನಗರದ ಅತ್ಯಂತ ದುಬಾರಿಯಾದ ನೆಲವನ್ನು ಕೊಟ್ಟು, ಬಿಸಿಲು ಮಳೆಗಳನ್ನು ಬೇಡುವ ಜೀವಗಳಿಗೆ ಮಾತ್ರ ಜಾಗವಿಲ್ಲವೆನ್ನುವುದು ಎಂಥ ಲೆಕ್ಕಾಚಾರವೆಂಬುದು ನನಗೆ ಅರ್ಥವಾಗದು.

ಈ ಊರು ಮೊದಲಿನಿಂದಲೂ ಹೀಗಿರಲಿಲ್ಲ. 1898ರಲ್ಲಿ ಪ್ಲೇಗು ಬಂದು, ಪೇಟೆಯ ಇಕ್ಕಟ್ಟಾದ ಓಣಿಗಳಿಂದ ಜನ ಹೊರಕ್ಕೆ ಸರಿಯತೊಡಗಿದಾಗ ಬೆಳೆದುಬಂದ ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಮನೆಗಳಲ್ಲಿ ಮುಂದೆ ಸಂಪಿಗೆಯೋ ಪಾರಿಜಾತವೋ ಇದ್ದರೆ, ಹಿಂದೆ ನುಗ್ಗೆ, ಕರಿಬೇವು, ತೆಂಗು, ಹೇರಳೆ, ಒಂದು ಅವರೆಯ ಚಪ್ಪರ ಇವು ಇದ್ದೇ ಇರುತ್ತಿದ್ದವು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ, 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ವೆಂಬ ಗ್ರಂಥವನ್ನು ತೆಗೆದು ನೋಡಬಹುದು. ಗೃಹನಿರ್ಮಾಣದ ವಾಸ್ತುವಿಚಾರ, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಬಗೆ, ಗಿಡಮರಗಳ ಪೋಷಣೆಯನ್ನು ತಿಳಿಸುವ ವೃಕ್ಷಾಯುರ್ವೇದ, ಅಡುಗೆಯನ್ನು ಕಲಿಸುವ ಸೂಪಶಾಸ್ತ್ರ ಇವೆಲ್ಲವೂ ಅದೊಂದೇ ಕೃತಿಯಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ. ಮನೆ ಕಟ್ಟುವವನಿಗೆ ಬಾವಿಯೂ ಗಿಡವೂ ಒಲೆಯೂ ಬೇರೆ ಬೇರೆ ಚಿಂತೆಗಳಲ್ಲವೆಂದು ಆ ಕಾಲದ ಗೃಹಸ್ಥನು ತಿಳಿದಿದ್ದನು. ಇಂದು ಬಾಗಿಲು ಒಂದು ಅಂಗುಲ ಆಚೀಚೆಯಾದರೆ ವಾಸ್ತುಪಂಡಿತರಲ್ಲಿಗೆ ಓಡುವ ನಾವು, ಅದೇ ಶಾಸ್ತ್ರದ ನೆರೆಮನೆಯಲ್ಲಿರುವ ವೃಕ್ಷಾಯುರ್ವೇದದ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಮನೆಯೊಂದರಲ್ಲಿ. ಅಲ್ಲಿ ಬಚ್ಚಲಿನ ನೀರು ಹರಿದುಹೋಗುವ ಕಡೆ ಬಾಳೆಯೂ ಕೆಸುವೂ, ಅದಕ್ಕೆ ಸ್ವಲ್ಪ ಈಚೆಗೆ ಅಡಕೆಯ ದಬ್ಬೆಗಳಿಂದ ಕಟ್ಟಿದ ಬಸಳೆಯ ಚಪ್ಪರವೂ ಇದ್ದವು. ಬಾವಿಕಟ್ಟೆಯ ತೇವದಲ್ಲಿ ಒಂದೆಲಗವು ತಾನಾಗಿಯೇ ಹಬ್ಬಿ, ನಾಣ್ಯದಷ್ಟಗಲದ ಎಲೆಗಳನ್ನು ನೆಲಕ್ಕೆ ಹಾಸಿರುತ್ತಿತ್ತು. ನಮ್ಮಮ್ಮ ಅನ್ನಕ್ಕೆ ಎಸರಿಟ್ಟ ಮೇಲೆ ಹಿತ್ತಲಿಗೆ ಇಳಿಯುತ್ತಿದ್ದರೇ ಹೊರತು, ಇವತ್ತು ಏನು ಅಡುಗೆಯೆಂದು ಅದಕ್ಕೆ ಮೊದಲು ನಿರ್ಧರಿಸಿದವರಲ್ಲ. ಕೈಗೆ ದೊಡ್ಡಪತ್ರೆ ಸಿಕ್ಕಿದರೆ ಅದನ್ನು ಜೀರಿಗೆ, ಮೆಣಸಿನಕಾಳುಗಳೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಡನೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ತಂಬುಳಿ. ಒಂದೆಲಗ ಸಿಕ್ಕಿದರೆ ಅದನ್ನು ಬಾಡಿಸದೆ ಹಸಿಯಾಗಿಯೇ ರುಬ್ಬಿದ ತಂಬುಳಿ. ಬಸಳೆಯ ದಂಟು ಬಲಿತಿದ್ದರೆ ಆ ದಿನ ಹುಳಿ. ಬಸಳೆಯ ಕಪ್ಪು ಹಣ್ಣನ್ನು ಹಿಚುಕಿ ನಾವು ಮಕ್ಕಳು ಅಂಗೈಗೆಲ್ಲ ನೇರಳೆಯ ಬಣ್ಣ ಬಳಿದುಕೊಂಡು, ಅದರಲ್ಲಿಯೇ ಕಡ್ಡಿ ಅದ್ದಿ ಕಾಗದದ ಮೇಲೆ ಗೀಚಿ, ಬೈಸಿಕೊಂಡದ್ದೂ ಉಂಟು. ಆ ಹಿತ್ತಲಿಗೆ ಯಾರೂ ತೋಟವೆಂಬ ದೊಡ್ಡ ಹೆಸರನ್ನು ಕೊಟ್ಟಿರಲಿಲ್ಲ. ಅಡುಗೆಯ ಮನೆಯ ಇನ್ನೊಂದು ಕೋಣೆ ಎಂಬಂತೆ ಅದು ನಡೆದುಕೊಂಡು ಹೋಗುತ್ತಿತ್ತು.

ಮಲೆನಾಡಿನ ಮಳೆಯೂ ವಿಸ್ತಾರವೂ ಇಲ್ಲಿಲ್ಲವೆಂದು ತಾವು ಹೇಳುವಿರಿ. ಸರಿಯೆ. ಆದರೆ ಈ ಊರಿನ ನಮ್ಮ ಮನೆಯ ಹಿಂದೆ ಉಳಿದಿರುವುದು ಒಬ್ಬರು ಕೈಚಾಚಿ ನಿಲ್ಲುವಷ್ಟು ಅಗಲದ ಒಂದು ಪಟ್ಟಿ ಮಾತ್ರ. ಅದರಲ್ಲಿ ಒಂದು ಕರಿಬೇವು, ಗೋಡೆಗೆ ಒರಗಿದ ಒಂದು ಬಸಳೆಯ ಬಳ್ಳಿ, ದೊಡ್ಡಪತ್ರೆಯ ಪೊದೆ, ಎರಡು ಮೂರು ಮೆಣಸಿನ ಗಿಡ, ನಲ್ಲಿಯ ಕೆಳಗೆ ಒಂದೆಲಗ, ಮಿಕ್ಕ ಜಾಗದಲ್ಲಿ ಸರದಿಯ ಮೇಲೆ ಹರಿವೆಯೋ ಮೆಂತ್ಯವೋ ಇರುತ್ತವೆ. ಆ ಕರಿಬೇವಿನ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಮಳೆ ಬಿದ್ದು ಗಿಡ ಚಿಗುರಿದೊಡನೆಯೇ, ಕಪ್ಪು ರೆಕ್ಕೆಯಲ್ಲಿ ಬಿಳಿಯ ಮಚ್ಚೆಗಳುಳ್ಳ ಚಿಟ್ಟೆಯೊಂದು ಎಲ್ಲಿಂದಲೋ ಬಂದು, ಪೂರ್ತಿ ಕೂರದೆ ರೆಕ್ಕೆ ಬಡಿಯುತ್ತಲೇ ಹೊಟ್ಟೆಯ ತುದಿಯನ್ನು ಬಾಗಿಸಿ, ಎಳೆಯ ಎಲೆಗೆ ಸಾಸಿವೆಕಾಳಿಗಿಂತ ಚಿಕ್ಕದಾದ ಒಂದೊಂದೇ ಮೊಟ್ಟೆಯನ್ನು ಅಂಟಿಸಿ ಹೋಗುವುದು. ಒಡೆದು ಬಂದ ಹುಳು ಮೊದಮೊದಲು ಕಂದುಬಿಳುಪಿನ ಮೈಯಿಂದ ಹಕ್ಕಿಯ ಹಿಕ್ಕೆಯೆಂದೇ ತೋರುವುದರಿಂದ ಹಕ್ಕಿಗಳು ಅದರ ಗೊಡವೆಗೆ ಬಾರವು. ಪೊರೆ ಕಳಚುತ್ತ ಬೆಳೆದು ದೊಡ್ಡದಾದ ಮೇಲೆ ಎಲೆಯ ಹಸುರನ್ನೇ ತಾಳಿ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಥಟ್ಟನೆ ಹೊರಕ್ಕೆ ಚಾಚಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆಯನ್ನು ಬೀರುವುದು. ನನ್ನ ಮೊಮ್ಮಗಳು ಶಾಲೆಯಿಂದ ಬಂದವಳು ಬ್ಯಾಗನ್ನು ಇಳಿಸುವುದಕ್ಕೂ ಮೊದಲು ಆ ಕೊಂಬನ್ನು ನೋಡಲು ಓಡುತ್ತಾಳೆ. ಹುಳು ಕೊನೆಗೆ ನೂಲಿನದೊಂದು ನಡುಪಟ್ಟಿಯನ್ನು ನೇಯ್ದು, ಕಡ್ಡಿಗೆ ತನ್ನನ್ನು ತಾನೇ ಬಿಗಿದುಕೊಂಡು ಕೋಶವಾದ ದಿನ ಅವಳು ಮನೆಯಲ್ಲಿ ಯಾರೂ ಸೊಪ್ಪು ಕೀಳಕೂಡದೆಂದು ಆಜ್ಞೆ ಮಾಡಿದಳು. ಸಾರಿಗೆ ಒಗ್ಗರಣೆಯು ಕರಿಬೇವಿಲ್ಲದೆ ಬಿದ್ದಿತು. ಪಠ್ಯಪುಸ್ತಕದಲ್ಲಿ ನಾಲ್ಕು ಚಿತ್ರಗಳಲ್ಲಿ ಮುಗಿದುಹೋಗುವ ಪಾಠವನ್ನು ಒಂದು ಗಿಡವು ಹೀಗೆ ವಾರಗಟ್ಟಲೆ ಕಲಿಸುತ್ತದೆ, ಶುಲ್ಕವನ್ನು ಕೇಳದೆ.

ಹಿತ್ತಲು ಮಾಡಿದರೆ ತರಕಾರಿಯ ಖರ್ಚು ಉಳಿಯುವುದೆಂದು ಕೆಲವರು ಹೇಳುವುದುಂಟು. ಆ ಮಾತಿನಿಂದ ತಮ್ಮನ್ನು ಒಲಿಸಲು ನಾನು ಇಚ್ಛಿಸುವುದಿಲ್ಲ. ನಾಲ್ಕು ಜನರ ಮನೆಯ ಈರುಳ್ಳಿ, ಆಲೂಗೆಡ್ಡೆ, ಟೊಮ್ಯಾಟೊಗಳನ್ನು ಇಷ್ಟು ನೆಲದಲ್ಲಿ ಬೆಳೆಯುವುದು ಆಗದ ಕೆಲಸ. ತಳ್ಳುವ ಗಾಡಿಯ ಸೊಪ್ಪಿನಮ್ಮನ ಕೂಗು ಬೀದಿಯಲ್ಲಿ ಕೇಳಿಸುತ್ತಲೇ ಇರಲಿ, ಅವಳ ಜೀವನವೂ ನಡೆಯಬೇಕು. ಹಿತ್ತಲಿನ ಪ್ರಯೋಜನ ಬೇರೆಯೇ ಆಗಿದೆ. ಕಿತ್ತ ಗಳಿಗೆಯಲ್ಲಿಯೇ ಬಳಸಬೇಕಾದ, ಅಂಗಡಿಗೆ ಬರುವಷ್ಟರಲ್ಲಿ ಗುಣವನ್ನು ಕಳೆದುಕೊಳ್ಳುವ ಅಥವಾ ಅಂಗಡಿಗೆ ಬಾರದೆಯೇ ಇರುವ ವಸ್ತುಗಳನ್ನು ಅದು ಕೊಡುತ್ತದೆ. ರಾತ್ರಿ ಹತ್ತು ಗಂಟೆಗೆ ಮಗು ಕೆಮ್ಮತೊಡಗಿದಾಗ ಕೆಂಡದ ಮೇಲೋ ಕಾವಲಿಯ ಮೇಲೋ ಬಾಡಿಸಿ ರಸ ಹಿಂಡಲು ಬೇಕಾದ ನಾಲ್ಕು ದೊಡ್ಡಪತ್ರೆಯ ಎಲೆಯನ್ನು ಯಾವ ಅಂಗಡಿಯವನು ಎದ್ದು ಕೊಡುವನು? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಇಂದಿಗೂ ಆಡುತ್ತಿರುವೆವು. ಆದರೆ ಅದನ್ನು ಹಂಗಿಸಿ ಆಡುವುದಕ್ಕಾದರೂ ಹಿತ್ತಲೊಂದು ಇರಬೇಕಲ್ಲ!

ನೀರಿನ ಮಾತಿಗೆ ಬರುತ್ತೇನೆ, ಏಕೆಂದರೆ ತಮ್ಮ ಮೊದಲ ಆಕ್ಷೇಪಣೆ ಅದೇ ಆಗಿರುವುದು. ನಮ್ಮ ನಲ್ಲಿಗೆ ಬರುವ ಕಾವೇರಿಯು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರವನ್ನು ಕ್ರಮಿಸಿ, ಸುಮಾರು 500 ಮೀಟರು ಎತ್ತರಕ್ಕೆ ಯಂತ್ರಗಳ ಬಲದಿಂದ ಏರಿ ಬರುತ್ತಾಳೆ. ಅಂಥ ನೀರನ್ನು ಗಿಡಕ್ಕೆ ಪೈಪು ಹಿಡಿದು ಸುರಿಯಿರೆಂದು ಹೇಳುವಷ್ಟು ವಿವೇಕಹೀನನು ನಾನಲ್ಲ. ಆದರೆ ಈ ನಗರದಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆಯಾಗುವುದು. ಮೂವತ್ತು–ನಲವತ್ತರ ಒಂದು ನಿವೇಶನದ ಮೇಲೆ ಆ ಲೆಕ್ಕದಲ್ಲಿ ಬೀಳುವ ನೀರು ಒಂದು ಲಕ್ಷ ಲೀಟರು. 2009ರಿಂದ ಮಳೆನೀರಿನ ಕೊಯ್ಲು ಹೊಸ ಮನೆಗಳಿಗೆ ಕಡ್ಡಾಯವಾಗಿರುವುದರಿಂದ ತಾವು ಹೇಗೂ ತೊಟ್ಟಿಯನ್ನೋ ಇಂಗುಗುಂಡಿಯನ್ನೋ ಕಟ್ಟಿಸಲೇಬೇಕು. ತೆರೆದ ಮಣ್ಣು ಅದಕ್ಕೆ ದೊಡ್ಡ ನೆರವು. ಟೈಲ್ಸು ಹಾಸಿದ ನೆಲದ ನೀರು ಬೀದಿಯ ಮೋರಿಗೆ ಧಾವಿಸಿ, ಅಲ್ಲಿಂದ ತಗ್ಗಿನ ಬಡಾವಣೆಯವರ ಮನೆಯೊಳಕ್ಕೆ ನುಗ್ಗುವುದನ್ನು ಪ್ರತಿ ಮಳೆಗಾಲದಲ್ಲಿಯೂ ನೋಡುತ್ತಿರುವೆವು. ಮಳೆಯಿಲ್ಲದ ತಿಂಗಳುಗಳಲ್ಲಿ ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಇಷ್ಟರಿಂದಲೇ ಇಂಥ ಒಂದು ಪಟ್ಟಿ ಬದುಕಿಕೊಳ್ಳುವುದು. ಸ್ನಾನದ ನೀರನ್ನು ಬಾಳೆಗೋ ಕಾಬಾಳೆಗೋ ಬಿಡಬಹುದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಸೋಪಿನ ನೀರು ಬೇಡ.

ಮಿಕ್ಕ ಆಕ್ಷೇಪಣೆಗಳು ಇಷ್ಟು ಗಟ್ಟಿಯಾದವಲ್ಲ. ಗಿಡವಿದ್ದರೆ ಸೊಳ್ಳೆಯೆನ್ನುವರು, ಡೆಂಗೀ ತರುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ, ಎಂದರೆ ಕುಂಡದ ಕೆಳಗಿನ ತಟ್ಟೆಯಲ್ಲಿಯೂ, ಮೊದಲು ಹೇಳಿದ ಆ ಒಡೆದ ಬಕೆಟ್ಟಿನಲ್ಲಿಯೂ ಹೊರತು, ನೀರನ್ನು ಕುಡಿದುಬಿಡುವ ಮಣ್ಣಿನಲ್ಲಲ್ಲ. ಮಾಳಿಗೆಯ ಮೇಲೆ ಕುಂಡಗಳಲ್ಲಿ ಬೆಳೆಸುತ್ತೇವೆನ್ನುವರು; ಸಂತೋಷ, ನೆಲವೇ ಇಲ್ಲದವರಿಗೆ ಅದು ದೊಡ್ಡ ಆಸರೆ, ಆದರೆ ನೆಲವಿರುವವರು ಅದನ್ನು ಮುಚ್ಚಿ, ಅದೇ ಮಣ್ಣನ್ನು ಮೂಟೆಯಲ್ಲಿ ಕೊಂಡು ಮೂರು ಅಂತಸ್ತು ಹೊತ್ತು ಏರಿಸುವುದನ್ನು ಕಂಡಾಗ ನನಗೆ ನಗು ತಡೆಯದು. ಬಸವನಹುಳು ಬರುವುದೆಂಬುದು ನಿಜವೆ. ಆಫ್ರಿಕದಿಂದ ಬಂದ ಆ ದೊಡ್ಡ ಬಸವನಹುಳುಗಳು ಮಳೆಗಾಲದ ರಾತ್ರಿ ಒಂದು ಸಾಲು ಸಸಿಯನ್ನು ಬೆಳಗಾಗುವುದರೊಳಗೆ ಮುಗಿಸಬಲ್ಲವು; ಸಂಜೆ ಒದ್ದೆಯ ಗೋಣಿಚೀಲವೊಂದನ್ನು ಮಣ್ಣಿನ ಮೇಲೆ ಹರಡಿಟ್ಟು, ಬೆಳಗ್ಗೆ ಅದರಡಿ ಸೇರಿಕೊಂಡವನ್ನು ಕೈಗೆ ಚೀಲ ಹಾಕಿಕೊಂಡು ಆರಿಸಿ, ಉಪ್ಪುನೀರಿಗೆ ಹಾಕುವುದಲ್ಲದೆ ಬೇರೆ ಸುಲಭೋಪಾಯವನ್ನು ನಾನು ಕಾಣೆ.

ಇನ್ನು ನನ್ನ ಕೋರಿಕೆಗಳು. ತಾವು ಇವುಗಳಲ್ಲಿ ಮೊದಲನೆಯದೊಂದನ್ನು ನಡೆಯಿಸಿಕೊಟ್ಟರೂ ನಾನು ಕೃತಾರ್ಥನು. ಪಾಯ ತೋಡುವ ದಿನವೇ ತಮ್ಮ ಮೇಸ್ತ್ರಿಯನ್ನು ಕರೆದು, ಮನೆಯ ಹಿಂದಿನ ಪಟ್ಟಿಯಲ್ಲಿ ಮೂರು ಅಡಿ ಅಗಲಕ್ಕೆ ಕಾಂಕ್ರೀಟು ಬೀಳಕೂಡದೆಂದೂ, ಅಲ್ಲಿ ಸಿಮೆಂಟು ಕಲಸಕೂಡದು, ಬಾಂಡ್ಲಿ ತೊಳೆಯಕೂಡದು, ಇಟ್ಟಿಗೆಯ ಚೂರನ್ನೂ ಗಾರೆಯ ಕಸವನ್ನೂ ಹೂಳಕೂಡದೆಂದೂ ಸ್ಪಷ್ಟವಾಗಿ ಹೇಳಿಬಿಡಿ. ಸಿಮೆಂಟಿನ ಸುಣ್ಣ ಸೇರಿದ ಮಣ್ಣು ಕ್ಷಾರವಾಗಿ, ಅದರಲ್ಲಿ ನೆಟ್ಟ ಕರಿಬೇವಿನ ಎಲೆ ನರಗಳಲ್ಲಿ ಮಾತ್ರ ಹಸುರುಳಿದು ಹಳದಿಗೆ ತಿರುಗುವುದು. ಕಬ್ಬಿಣದ ಅಂಶವು ಮಣ್ಣಿನಲ್ಲಿದ್ದರೂ ಬೇರಿಗೆ ಸಿಗದೆ ಹೋಗುವುದೇ ಅದಕ್ಕೆ ಕಾರಣ. ಗೃಹಪ್ರವೇಶವಾದ ಮೇಲೆ ಎಷ್ಟು ಗೊಬ್ಬರ ಸುರಿದರೂ ಸರಿಹೋಗದ ಈ ಕೇಡನ್ನು ಆ ದಿನದ ಒಂದು ಮಾತು ತಪ್ಪಿಸುತ್ತದೆ. ಪಾಯದ ಮೇಲುಮಣ್ಣನ್ನು, ಎಂದರೆ ಮೊದಲ ಒಂದು ಮೊಳದ ಕಪ್ಪುಮಿಶ್ರಿತ ಮಣ್ಣನ್ನು, ಲಾರಿಗೆ ತುಂಬಿ ಕಳುಹಿಸದೆ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಸಿ. ಆಳದಿಂದ ಬರುವ ಕೆಂಪುಮಣ್ಣು ನೋಡಲು ಚೆಂದವಾದರೂ ಸಾರವಿಲ್ಲದ್ದು. ಅಡುಗೆಯ ಮನೆಯ ಸಿಂಕಿನಿಂದ ಒಂದು ಕವಲುಕೊಳವೆಯನ್ನು ಹಿತ್ತಲ ಕಡೆಗೆ ಬಿಡಿಸುವುದೂ, ಅಡುಗೆಯ ಮನೆಯಿಂದ ಹಿತ್ತಲಿಗೆ ಬಾಗಿಲೊಂದನ್ನು ಇರಿಸುವುದೂ ಆಗಲೇ ಆಗಬೇಕಾದ ಕೆಲಸಗಳು. ಬಾಗಿಲಿಲ್ಲದ ಹಿತ್ತಲಿಗೆ ಯಾರೂ ಹೋಗುವುದಿಲ್ಲ. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿರುವಾಗ ಮುಂಬಾಗಿಲಿನಿಂದ ಮನೆಯನ್ನು ಸುತ್ತಿ ಬಂದು ಸೊಪ್ಪು ಕಿತ್ತು ತರುವ ಗೃಹಿಣಿಯನ್ನು ನಾನು ಕಂಡಿಲ್ಲ.

ಏನನ್ನು ನೆಡಬೇಕೆಂದು ಕೇಳುವಿರಾದರೆ, ಮೊದಲ ವರ್ಷ ಕಡ್ಡಿಯಿಂದ ಬರುವವನ್ನು ನೆಡಿ. ದೊಡ್ಡಪತ್ರೆಯ ಒಂದು ಟೊಂಗೆ, ಗೆಣ್ಣುಗಳುಳ್ಳ ಬಸಳೆಯ ಒಂದು ತುಂಡು, ಬೇರುಳ್ಳ ಒಂದೆಲಗದ ಒಂದು ಎಳೆ ಇವು ಯಾವ ಪರಿಚಯಸ್ಥರ ಮನೆಯಲ್ಲಾದರೂ ಬಿಟ್ಟಿಯಾಗಿ ಸಿಗುವುವು. ಹರಿವೆಯ ಬೀಜ ಅತಿ ಸಣ್ಣದು. ಮರಳಿನೊಡನೆ ಬೆರೆಸಿ ಎರಚಿದರೆ ಒಂದೇ ಕಡೆ ಗುಂಪಾಗಿ ಬೀಳದು, ತಿಂಗಳೊಳಗೆ ಕುಯ್ಲಿಗೆ ಬರುವುದು. ಕೊತ್ತಂಬರಿಯ ಬೀಜವನ್ನು ಅಂಗೈಯಲ್ಲೋ ಚಪ್ಪಲಿಯಡಿಯಲ್ಲೋ ತಿಕ್ಕಿ ಎರಡು ಹೋಳು ಮಾಡದೆ ಬಿತ್ತಬೇಡಿ. ಸೀಮೆಬದನೆಯನ್ನಾದರೋ ಬೀಜ ತೆಗೆಯದೆ ಕಾಯನ್ನೇ ಇಡಿಯಾಗಿ ನೆಡಬೇಕು. ಅಡುಗೆಯ ಮನೆಯ ಬುಟ್ಟಿಯಲ್ಲಿ ಮರೆತುಹೋದ ಬಲಿತ ಕಾಯಿಯ ಸೀಳಿನಿಂದಲೇ ಮೊಳಕೆ ಇಣುಕುವುದನ್ನು ತಾವು ನೋಡಿಯೇ ಇರುವಿರಿ. ಮಧ್ಯ ಅಮೆರಿಕದ ಆ ಬಳ್ಳಿಯನ್ನು ಈ ಊರಿಗೆ ತಂದವರು ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ನರು. ನಮ್ಮ ದೇಶದ ಗಿಡಗಳನ್ನು ಮಾತ್ರ ಬೆಳೆಯುವೆನೆಂದು ಹಟ ಹಿಡಿದವರು ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವನ್ನು ಒಮ್ಮೆ ಓದಿದರೆ, ಮೆಣಸಿನಕಾಯಿಯನ್ನು ಬಿಟ್ಟು ಸಾರು ಮಾಡುವುದು ಹೇಗೆಂಬ ಕಷ್ಟಕ್ಕೆ ಸಿಕ್ಕಿಕೊಳ್ಳುವರು. ಕೈ ಪಳಗಿದ ಮೇಲೆ ಉತ್ತಮ ಜಾತಿಯ ಬೀಜ ಬೇಕೆನ್ನಿಸಿದರೆ, ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೆಂಡೆಯ ‘ಅರ್ಕಾ ಅನಾಮಿಕಾ’, ಹರಿವೆಯ ‘ಅರ್ಕಾ ಸುಗುಣ’ ಇಂಥವನ್ನು ಕೇಳಿ ತರಬಹುದು. ನುಗ್ಗೆಯನ್ನು ಮಾತ್ರ ಗೋಡೆಗೆ ಹತ್ತಿರ ನೆಡಬೇಡಿ; ಅದರ ಕೊಂಬೆ ಸಣ್ಣ ಗಾಳಿಗೂ ಮುರಿಯುವಂಥದು, ಕಂಬಳಿಹುಳುಗಳಿಗೋ ಅದು ತವರುಮನೆ.

ಎರಡು ಎಚ್ಚರಿಕೆಗಳನ್ನೂ ಹೇಳದೆ ಹೋದರೆ ನನ್ನ ಕರ್ತವ್ಯಕ್ಕೆ ಲೋಪ ಬರುವುದು. ಹುಳು ಕಂಡೊಡನೆಯೇ ಅಂಗಡಿಗೆ ಓಡಿ ವಿಷದ ಶೀಸೆಯನ್ನು ತಂದು ಸಿಂಪಡಿಸಬೇಡಿ. ನಾಳಿನ ಸಾರಿಗೆ ಬೀಳುವ ಎಲೆ ಅದು. ಹಿಟ್ಟುತಿಗಣೆಯನ್ನು ನೀರಿನ ಬಲವಾದ ಸೆಳೆಯಿಂದಲೇ ತೊಳೆದುಬಿಡಬಹುದು, ಹೋಗದಿದ್ದರೆ ಬೇವಿನೆಣ್ಣೆಗೆ ಸ್ವಲ್ಪ ಸೋಪು ಬೆರೆಸಿ ಹೊಡೆಯಬಹುದು. ಎರಡನೆಯದು, ಹಿತ್ತಲಿನದೆಂಬ ಮಾತ್ರಕ್ಕೆ ಯಾವ ಎಲೆಯೂ ನಿರಪಾಯವೆಂದು ತಿಳಿಯಬಾರದು. ನಮ್ಮಲ್ಲಿ ಮನೆಮನೆಯಲ್ಲಿ ಬೇಯಿಸಿ ತಿನ್ನುವ ಚಕ್ರಮುನಿಯ ಸೊಪ್ಪನ್ನು 1990ರ ದಶಕದಲ್ಲಿ ತೈವಾನಿನ ಅನೇಕರು ಮೈ ಕರಗಿಸುವ ಆಸೆಯಿಂದ ಹಸಿಯಾಗಿ ರಸ ತೆಗೆದು ದಿನವೂ ಕುಡಿದು, ಶ್ವಾಸಕೋಶಗಳನ್ನು ಶಾಶ್ವತವಾಗಿ ಕೆಡಿಸಿಕೊಂಡರು. ಕೆಲವರು ಪ್ರಾಣವನ್ನೇ ನೀಗಿದರು. ಮಿತವಾಗಿ ಬೇಯಿಸಿ ಉಣ್ಣುವ ಅಡುಗೆಯ ಮರ್ಯಾದೆಯನ್ನು ಮೀರಿದ್ದರ ಫಲ ಅದು. ಕಣಗಿಲೆ, ಉಮ್ಮತ್ತಿಗಳು ಎಳೆಯ ಮಕ್ಕಳಿರುವ ಮನೆಯ ಹಿತ್ತಲಲ್ಲಿ ಇರಕೂಡದು. ಜ್ವರ ಮೂರು ದಿನ ಇಳಿಯದಿದ್ದರೆ ಅಮೃತಬಳ್ಳಿಯ ಕಷಾಯವನ್ನು ಪಕ್ಕಕ್ಕಿಟ್ಟು ವೈದ್ಯರಲ್ಲಿಗೆ ಹೋಗತಕ್ಕದ್ದು.

ಬಾಡಿಗೆಗೆಂದು ಮೇಲಂತಸ್ತುಗಳನ್ನು ಕಟ್ಟಿಸುವವರಿಗೆ ಇನ್ನೊಂದು ಮಾತು. ತಮ್ಮ ಬಾಡಿಗೆದಾರರಿಗೂ ಆ ಪಟ್ಟಿಯಲ್ಲಿ ಒಂದು ಮೊಳ ನೆಲವನ್ನು ಕೊಡಿ. ಊರನ್ನು ಬಿಟ್ಟು ಬಂದು ಎರಡು ಕೋಣೆಯ ಮನೆಯಲ್ಲಿರುವ ಹುಡುಗ ಹುಡುಗಿಯರು ತಮ್ಮ ಕಡೆಯ ಒಂದು ಬೀಜವನ್ನು, ಕೋಲಾರದ ಅವರೆಯನ್ನೋ ಉಡುಪಿಯ ಗುಳ್ಳವನ್ನೋ, ಬಿತ್ತಿ ನೋಡಬೇಕೆಂದು ಆಸೆಪಟ್ಟರೆ ಬೇಡವೆನ್ನಬೇಡಿ. ಕಾಯಿಬಿಟ್ಟರೆ ಅದರಲ್ಲಿ ತಮಗೂ ಒಂದು ಪಾಲು ಬಂದೇ ಬರುವುದು.

ಮೇಸ್ತ್ರಿಗೆ ಹೇಳಬೇಕಾದುದನ್ನು ಮುಂದಿನ ಸಲ ನಿವೇಶನಕ್ಕೆ ಹೋದಾಗಲೇ, ಜಲ್ಲಿಯ ಲಾರಿ ಬರುವುದಕ್ಕೆ ಮೊದಲು ಹೇಳಿಬಿಡಬೇಕಾಗಿ ಪ್ರಾರ್ಥಿಸುತ್ತೇನೆ. ನಮ್ಮ ನೆರೆಹೊರೆಯಲ್ಲಿ ಮನೆ ಕಟ್ಟಿಸುತ್ತಿರುವವರು ಮುಂಗಾರು ಹಿಡಿದ ಮೇಲೆ ಯಾವ ಭಾನುವಾರವಾದರೂ ಬಂದರೆ, ಬಸಳೆಯ ತುಂಡು, ದೊಡ್ಡಪತ್ರೆಯ ಕಡ್ಡಿ, ಕರಿಬೇವಿನ ಬುಡದಲ್ಲಿ ಎದ್ದ ಮರಿಗಿಡ ಇವನ್ನು ತೇವದ ಬಟ್ಟೆಯಲ್ಲಿ ಸುತ್ತಿ ಕೊಡುವೆನು. ಬರುವಾಗ ಒಂದು ಚೀಲ ತಂದರೆ ಸಾಕು.

ಇಂತು,
ತಮ್ಮ ವಿಶ್ವಾಸಿ,
ಹಿತ್ತಲುಳ್ಳ ಮನೆಯ ಗೃಹಸ್ಥನೊಬ್ಬನು